ಅಕ್ಕನ ಹೈಸ್ಕೂಲು, ನನ್ನ ಎಸ್ಸೆಸ್ಸೆಲ್ಸಿ

ಅಮೆರಿಕದ ಹೈಸ್ಕೂಲು ಅಂದರೆ ನಮ್ಮ ಮನೆ ಹುಡುಗರಿಗೆ ಗೊತ್ತಿರುವುದು ಸಾಲು ಲಾಕರು, ಫುಟ್‌ಬಾಲು, ವರ್ಷದ ಕೊನೆಯ ಪ್ರಾಮ್ ಡ್ಯಾನ್ಸು. ಎಲ್ಲ ಸಿನಿಮಾದಲ್ಲಿ ನೋಡಿದ್ದು. ಅದೆಲ್ಲ ಇದ್ದದ್ದು ನಿಜವೇ. ನನಗೆ ಆ ಹೈಸ್ಕೂಲು ಗೊತ್ತಾಗಿದ್ದು ಮಾತ್ರ ಅಂಚೆಯಲ್ಲಿ. ನಮ್ಮ ದೊಡ್ಡಮ್ಮನ ಮಗಳು, ನನಗಿಂತ ಒಂದು ಕ್ಲಾಸು ಮುಂದಿದ್ದವಳು, 1982ರಲ್ಲಿ ಹಾಸನದಲ್ಲಿ ಎಂಟನೇ ಕ್ಲಾಸು ಮುಗಿಸಿ ಅಪ್ಪ ಅಮ್ಮನ ಜೊತೆ ಓಹಾಯೋ ರಾಜ್ಯದ ಒಂದು ಸಣ್ಣ ಊರಿಗೆ ಹೋದಳು. ದೊಡ್ಡಪ್ಪನಿಗೆ ಅಲ್ಲೊಂದು ಕಾರ್ಖಾನೆಯಲ್ಲಿ ಇಂಜಿನಿಯರ್ ಕೆಲಸ ಸಿಕ್ಕಿತ್ತು. ಆ ಸೆಪ್ಟೆಂಬರಿನಿಂದ 1986ರ ಜೂನ್ ತನಕ ಅಕ್ಕ ಅಲ್ಲಿನ ಸರ್ಕಾರಿ ಹೈಸ್ಕೂಲಿನಲ್ಲಿ ಓದಿದಳು. ನಾನು ಇಲ್ಲೇ, ಹಾಸನದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ. ಮನೆಯಲ್ಲಿ ಫೋನ್ ಇರಲಿಲ್ಲ. ಇದ್ದರೂ ಅಮೆರಿಕಕ್ಕೆ ಟ್ರಂಕ್ ಕಾಲ್ ಮಾಡುವ ಶಕ್ತಿ ಯಾರಿಗಿತ್ತು? ಹಾಗಾಗಿ ನೀಲಿ ಏರೋಗ್ರಾಂ. ಮೂರೂ ಮಡಿಕೆಯಲ್ಲಿ, ಅಂಚಿನಲ್ಲಿ, ಅಂಟು ಹಚ್ಚುವ ಜಾಗ ಬಿಟ್ಟು ಉಳಿದ ಎಲ್ಲ ಕಡೆ ಅವಳು ಒತ್ತೊತ್ತಾಗಿ ಬರೆದಿರುತ್ತಿದ್ದಳು. ಆ ಕಾಗದಗಳನ್ನು ನಾನು ಎಸೆದಿಲ್ಲ.

ಈಗ ಅವನ್ನು ಮತ್ತೆ ಓದುವಾಗ ನನಗೆ ಅಲ್ಲಿನ ಕಾರು, ಬಟ್ಟೆ, ವಾಕ್‌ಮನ್ ಯಾವುದೂ ದೊಡ್ಡದು ಅನ್ನಿಸುವುದಿಲ್ಲ. ಒಂದು ವಿಷಯ ಮಾತ್ರ ಇವತ್ತಿಗೂ ಮನಸ್ಸಿಗೆ ತಾಗುತ್ತದೆ. ಒಂದು ವಿಷಯದಲ್ಲಿ ಫೇಲಾದ ಮಗುವಿಗೆ ಅಲ್ಲಿ ಏನಾಗುತ್ತಿತ್ತು, ಇಲ್ಲಿ ಏನಾಗುತ್ತಿತ್ತು ಅನ್ನುವುದು. ಅದಕ್ಕೆ ಬರುತ್ತೇನೆ. ಮೊದಲು ಅಲ್ಲಿನ ದಿನ ಹೇಗಿರುತ್ತಿತ್ತು ಅಂತ ಹೇಳಿಬಿಡುತ್ತೇನೆ, ಅದು ಗೊತ್ತಿಲ್ಲದಿದ್ದರೆ ಇದು ಅರ್ಥವಾಗುವುದಿಲ್ಲ.

ಶಾಲೆಗೆ ಸೇರಿದ ದಿನ ಅಕ್ಕನನ್ನು ಕರೆದು ಕೂರಿಸಿಕೊಂಡವರು ಹೆಡ್ಮಾಸ್ಟರಲ್ಲ. ಕೌನ್ಸೆಲರ್ ಅಂತ ಒಬ್ಬರು. ಪಾಠ ಮಾಡುವುದಿಲ್ಲ, ಮಕ್ಕಳು ಯಾವ ಯಾವ ವಿಷಯ ತೆಗೆದುಕೊಳ್ಳಬೇಕು, ಮುಂದೆ ಏನು ಓದಬೇಕು ಅಂತ ನೋಡುವುದೇ ಅವರ ಕೆಲಸ. ಅವರು ಒಂದು ಪುಸ್ತಕ ಮುಂದಿಟ್ಟರಂತೆ. ಅದರ ತುಂಬ ವಿಷಯಗಳ ಪಟ್ಟಿ. ಇಂಗ್ಲಿಷ್, ಗಣಿತ, ವಿಜ್ಞಾನ, ಅಮೆರಿಕದ ಇತಿಹಾಸ, ಪಿ.ಟಿ., ಇವು ಬೇಕೇ ಬೇಕು. ಉಳಿದದ್ದು ನಿನ್ನಿಷ್ಟ. ಫ್ರೆಂಚ್ ಇದೆ, ಸ್ಪ್ಯಾನಿಷ್ ಇದೆ, ಚಿತ್ರಕಲೆ ಇದೆ, ಬ್ಯಾಂಡ್ ಇದೆ, ಟೈಪಿಂಗ್ ಇದೆ, ಅಡುಗೆ ಹೊಲಿಗೆ ಇದೆ, ಮರಗೆಲಸ ಇದೆ. ಒಂದೊಂದಕ್ಕೂ ಇಷ್ಟು ಕ್ರೆಡಿಟ್ ಅಂತ ಲೆಕ್ಕ. ನಾಲ್ಕು ವರ್ಷದಲ್ಲಿ ಬೇಕಾದಷ್ಟು ಕ್ರೆಡಿಟ್ ಸೇರಿಸಿಕೊಂಡರೆ ಡಿಪ್ಲೊಮಾ, ಅದೂ ಆ ಶಾಲೆಯೇ ಕೊಡುವುದು.

"ಪುಟ್ಟಿ, ನನ್ನನ್ನೇ ಕೇಳಿದರು ಕಣೇ, ನಿನಗೆ ಏನು ಓದಬೇಕು ಅಂತ" ಎಂದು ಆ ಮೊದಲ ಕಾಗದದಲ್ಲಿ ಬರೆದಿದ್ದಾಳೆ. ಆ ಸಾಲಿನ ಕೆಳಗೆ ಗೆರೆ ಎಳೆದಿದ್ದಾಳೆ. ನಾನು ಅದನ್ನು ಶಾಲೆಗೆ ತೆಗೆದುಕೊಂಡು ಹೋಗಿ ಗೆಳತಿಯರಿಗೆಲ್ಲ ತೋರಿಸಿದ್ದೆ. ನಮಗೆ ಅಲ್ಲಿಯವರೆಗೆ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ. ಇದು ರಾಜ್ಯದ ಎಲ್ಲ ಮಕ್ಕಳಿಗೂ ಒಂದೇ.

ಅಲ್ಲಿ ಮೇಷ್ಟ್ರು ಕ್ಲಾಸಿಗೆ ಬರುವುದಿಲ್ಲ, ಮಕ್ಕಳೇ ಮೇಷ್ಟ್ರ ಕೋಣೆಗೆ ಹೋಗಬೇಕು. ಬೆಲ್ಲು ಹೊಡೆದ ಕೂಡಲೇ ಸಾವಿರಾರು ಮಕ್ಕಳು ಒಟ್ಟಿಗೆ ಹಾದಿಗೆ ಬೀಳುತ್ತಾರೆ, ಐದು ನಿಮಿಷದ ಒಳಗೆ ಮುಂದಿನ ಕೋಣೆ ಸೇರಬೇಕು, ಅಷ್ಟರಲ್ಲೇ ಲಾಕರಿಗೆ ಹೋಗಿ ಹಿಂದಿನ ಪುಸ್ತಕ ಇಟ್ಟು ಮುಂದಿನದು ತೆಗೆದುಕೊಳ್ಳಬೇಕು. ಲಾಕರಿನ ಬೀಗಕ್ಕೆ ಕೀಲಿಕೈ ಇಲ್ಲ. ಬಲಕ್ಕೆ ತಿರುಗಿಸಿ ಒಂದು ನಂಬರು, ಎಡಕ್ಕೆ ಒಂದು, ಮತ್ತೆ ಬಲಕ್ಕೆ ಒಂದು. ಅಕ್ಕ ಮೊದಲ ವಾರ ಪುಸ್ತಕವನ್ನೆಲ್ಲ ಎದೆಗೆ ಅವಚಿಕೊಂಡೇ ತಿರುಗಿದಳಂತೆ, ಆ ಬೀಗದ ಹತ್ತಿರ ಹೋಗಲು ಹೆದರಿ. ಪಾಠದ ಹೊತ್ತಲ್ಲಿ ಹೊರಗೆ ಕಾಲಿಡಬೇಕಾದರೆ ಮೇಷ್ಟ್ರು ಸಹಿ ಮಾಡಿದ ಚೀಟಿ ಬೇಕು, ಬಾತ್‌ರೂಮಿಗೆ ಹೋಗಲೂ. ಚೀಟಿ ಇಲ್ಲದೆ ಸಿಕ್ಕಿಬಿದ್ದರೆ ಡಿಟೆನ್ಷನ್, ಅಂದರೆ ಶಾಲೆ ಬಿಟ್ಟ ಮೇಲೆ ಸುಮ್ನೆ ಕೂತಿರುವುದು. ಅಲ್ಲಿ ಹೊಡೆಯುವುದೇ ಇರಲಿಲ್ಲ ಅಂತ ನಮ್ಮವರು ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಶಾಲೆಯಲ್ಲಿ ಹೊಡೆಯುವುದು ಸಂವಿಧಾನಕ್ಕೆ ವಿರುದ್ಧವಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟು 1977ರಲ್ಲೇ ಹೇಳಿತ್ತು, ಎಂಬತ್ತರ ದಶಕದಲ್ಲೂ ಎಷ್ಟೋ ರಾಜ್ಯಗಳಲ್ಲಿ ಮರದ ಪಟ್ಟಿಯಿಂದ ಹೊಡೆಯುತ್ತಿದ್ದರು. ಅಕ್ಕನ ಶಾಲೆಯಲ್ಲಿ ಅವಳ ಕಣ್ಣಿಗೆ ಬಿದ್ದಿಲ್ಲ ಅಷ್ಟೆ.

ನಮ್ಮಲ್ಲಿ ಎಂಟನೇ ಕ್ಲಾಸಿನಲ್ಲಿ ಯಾರ ಪಕ್ಕ ಕೂತೆವೋ ಹತ್ತನೇ ಕ್ಲಾಸಿನ ತನಕ ಅವರೇ. ಒಂದು ಬೆಂಚಿಗೆ ನಾಲ್ಕು ಜನ, ಒಂದು ಕ್ಲಾಸಿಗೆ ಅರವತ್ತಕ್ಕೂ ಜಾಸ್ತಿ. ಒಬ್ಬಳ ಇಂಕು ಮುಗಿದರೆ ಪಕ್ಕದವಳು ತನ್ನ ಪೆನ್ನಿನಿಂದ ಎರಡು ತೊಟ್ಟು ಹಾಕುತ್ತಿದ್ದಳು. ಅಕ್ಕನಿಗೆ ಅದು ಸಿಗಲಿಲ್ಲ. ಪ್ರತಿ ಪೀರಿಯಡ್ಡಿಗೂ ಬೇರೆ ಬೇರೆ ಮಕ್ಕಳು. ಇಂಗ್ಲಿಷಿನಲ್ಲಿ ಪಕ್ಕ ಕೂತವಳು ಗಣಿತದಲ್ಲಿ ಇರುವುದಿಲ್ಲ. ಮೊದಲ ವರ್ಷದ ಕಾಗದಗಳಲ್ಲಿ ಗೆಳತಿ ಅಂತ ಒಬ್ಬರ ಹೆಸರೂ ಇಲ್ಲ. ಇದನ್ನು ಓದುವಾಗ ನನಗೆ ಈಗಲೂ ಸಂಕಟ ಆಗುತ್ತದೆ. ಹದಿನಾಲ್ಕು ವರ್ಷದ ಹುಡುಗಿ, ಹೊಸ ದೇಶ, ಹೊಸ ಮಾತು, ಇಡೀ ದಿನ ಜನರ ಮಧ್ಯೆ ಓಡಾಡಿ ಮನೆಗೆ ಬಂದು "ಇವತ್ತು ಯಾರ ಹತ್ರಾನೂ ಮಾತಾಡಲಿಲ್ಲ" ಅಂತ ಬರೆಯುವುದು.

ಬೆಳಗ್ಗೆ ಹೋಂರೂಮ್ ಅಂತ ಹದಿನೈದು ನಿಮಿಷ. ಹಾಜರಿ, ಧ್ವನಿವರ್ಧಕದಲ್ಲಿ ಆ ದಿನದ ಸುದ್ದಿ, ಮತ್ತೆ ಎದೆಯ ಮೇಲೆ ಕೈ ಇಟ್ಟುಕೊಂಡು ಧ್ವಜಕ್ಕೆ ಪ್ರತಿಜ್ಞೆ. ಅಕ್ಕ ಎದ್ದು ನಿಲ್ಲುತ್ತಿದ್ದಳು, ಹೇಳುತ್ತಿರಲಿಲ್ಲ. ಯಾರೂ ಒತ್ತಾಯ ಮಾಡಲಿಲ್ಲ. ಆ ಪ್ರತಿಜ್ಞೆಯನ್ನು ಯಾವ ಮಗುವಿನಿಂದಲೂ ಬಲವಂತವಾಗಿ ಹೇಳಿಸುವಂತಿಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟು 1943ರಲ್ಲಿ ತೀರ್ಪು ಕೊಟ್ಟಿತ್ತು, ಯುದ್ಧ ನಡೆಯುತ್ತಿದ್ದ ಹೊತ್ತಲ್ಲಿ. ಅದನ್ನು ಅವಳಿಗೆ ಹೇಳಿದ್ದು ಇತಿಹಾಸದ ಮೇಷ್ಟ್ರು, ಅದೂ ಪಾಠದಲ್ಲೇ. ನನಗೆ ಆ ಮೇಷ್ಟ್ರ ಮೇಲೆ ಗೌರವ.

ಊಟದ ಹೊತ್ತು ಕಷ್ಟದ್ದು. ಕೆಫೆಟೇರಿಯಾದಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ಹೋಗಬೇಕು, ಪುಟ್ಟ ರಟ್ಟಿನ ಡಬ್ಬಿಯಲ್ಲಿ ಹಾಲು, ಪಿಜ್ಜಾ, ಮಾಂಸ ಹಾಕಿದ ಬನ್ನು. ದೊಡ್ಡಮ್ಮನ ಮನೆಯಲ್ಲಿ ಮೊಟ್ಟೆಯನ್ನೂ ತಿನ್ನುವವರಲ್ಲ. ಅಕ್ಕನಿಗೆ ಉಳಿದದ್ದು ಕಡಲೆಕಾಯಿ ಬೀಜದ ಬೆಣ್ಣೆ ಮತ್ತು ಜಾಮು ಹಚ್ಚಿದ ಬ್ರೆಡ್ಡು, ಇಲ್ಲಾಂದ್ರೆ ಹುರಿದ ಆಲೂಗಡ್ಡೆ. "ನಮ್ಮೂರಿನ ಆಲೂಗಡ್ಡೆ ಥರ ಇಲ್ಲ" ಅಂತ ಒಂದು ಕಾಗದದಲ್ಲಿದೆ. ಹಾಸನದವರು ಆಲೂಗಡ್ಡೆ ವಿಷಯದಲ್ಲಿ ಹಾಗೇ ಅಲ್ವಾ. ತಿನ್ನುವುದಕ್ಕಿಂತ ದೊಡ್ಡ ಚಿಂತೆ ಎಲ್ಲಿ ಕೂರುವುದು ಅನ್ನುವುದು. ಪ್ರತಿ ಮೇಜಿಗೂ ಅದರದೇ ಜನ, ಆಟ ಆಡುವವರದು ಒಂದು, ಬ್ಯಾಂಡಿನವರದು ಒಂದು. ನಾವು ಇಲ್ಲಿ ಬೇವಿನ ಮರದ ಕೆಳಗೆ ಸುತ್ತ ಕೂತು ಚಿತ್ರಾನ್ನ, ಅಕ್ಕಿರೊಟ್ಟಿ, ಉಪ್ಪಿನಕಾಯಿ ಎಲ್ಲ ಹಂಚಿಕೊಂಡು ತಿನ್ನುತ್ತಿದ್ದೆವು, ಡಬ್ಬಿ ತಂದವರು. ತರದೇ ಇದ್ದವರೂ ಇದ್ದರು, ಅವರು ಊಟದ ಬೆಲ್ಲು ಹೊಡೆದ ಕೂಡಲೇ ನೀರು ಕುಡಿಯಲು ನಲ್ಲಿ ಹತ್ತಿರ ಹೋಗಿಬಿಡುತ್ತಿದ್ದರು. ಅಲ್ಲಿ ಬಡವರ ಮಕ್ಕಳಿಗೆ ಸರ್ಕಾರ ಪುಕ್ಕಟೆಯಾಗಿ ಅಥವಾ ಕಡಿಮೆ ದುಡ್ಡಿಗೆ ಊಟ ಕೊಡುತ್ತಿತ್ತು. 1946ರಿಂದಲೇ ಆ ಕಾನೂನು ಇತ್ತು. ನಮ್ಮ ಶಾಲೆಗಳಿಗೆ ಬಿಸಿಯೂಟ ಬಂದಿದ್ದು 2000ದ ನಂತರ.

ಈಗ ಟೈಪಿಂಗ್ ಮತ್ತು ಮರಗೆಲಸದ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಕ್ಕ ಹತ್ತನೇ ಕ್ಲಾಸಿನಲ್ಲಿ ಟೈಪಿಂಗ್ ತೆಗೆದುಕೊಂಡಳು. ಸಾಲಾಗಿ ಇಟ್ಟ ಕರೆಂಟಿನ ಟೈಪ್‌ರೈಟರುಗಳು, ಗಣಿತ ಇತಿಹಾಸದ ಹಾಗೆ ಅದೂ ಒಂದು ವಿಷಯ, ಅದಕ್ಕೂ ಕ್ರೆಡಿಟ್, ಅದನ್ನು ತೆಗೆದುಕೊಂಡವರನ್ನು ದಡ್ಡರು ಅಂತ ಯಾರೂ ನೋಡುತ್ತಿರಲಿಲ್ಲ. ಹಾಸನದಲ್ಲಿ ಆಗ ಟೈಪಿಂಗ್ ಇನ್‌ಸ್ಟಿಟ್ಯೂಟುಗಳು ಬೇಕಾದಷ್ಟಿದ್ದವು. ಅಲ್ಲಿಗೆ ಸೇರುತ್ತಿದ್ದವರು ಯಾರು? ಎಸ್ಸೆಸ್ಸೆಲ್ಸಿ ಆದಮೇಲೆ ಮುಂದೆ ಓದಿಸಲಾಗದ ಮನೆಯ ಹುಡುಗಿಯರು, ಫೇಲಾಗಿ ಮನೆಯಲ್ಲಿ ಕೂತವರು. ಜೂನಿಯರ್, ಸೀನಿಯರ್ ಪಾಸು ಮಾಡಿಕೊಂಡರೆ ಯಾವುದಾದರೂ ಆಫೀಸಿನಲ್ಲಿ ಕೆಲಸ ಸಿಕ್ಕೀತು ಅನ್ನುವ ಆಸೆ. ತಿಂಗಳ ಫೀಸು ಬೇರೆ. ಒಂದೇ ಕೆಲಸ, ಒಂದು ಕಡೆ ಶಾಲೆಯ ಒಳಗೆ, ಇನ್ನೊಂದು ಕಡೆ ಶಾಲೆ ಕೈಬಿಟ್ಟವರಿಗೆ.

ಮರಗೆಲಸದ ಕ್ಲಾಸಿಗೂ ಅಕ್ಕ ಸೇರಿದಳು. ದೊಡ್ಡಪ್ಪನಿಗೆ ಇಷ್ಟವಿರಲಿಲ್ಲವಂತೆ. 1972ರಲ್ಲಿ ಅಲ್ಲಿ ಟೈಟಲ್ ನೈನ್ ಅಂತ ಒಂದು ಕಾನೂನು ಬಂತು, ಸರ್ಕಾರದ ದುಡ್ಡು ಪಡೆಯುವ ಶಾಲೆಯಲ್ಲಿ ಗಂಡು ಹೆಣ್ಣು ಅಂತ ಭೇದ ಮಾಡುವಂತಿಲ್ಲ. ಅದರಿಂದ ಹುಡುಗಿಯರಿಗೆ ಆಟದ ತಂಡಗಳು ಬಂದವು, ಮರಗೆಲಸದ ಬಾಗಿಲೂ ತೆಗೆಯಿತು, ಹುಡುಗರು ಅಡುಗೆ ಕ್ಲಾಸಿಗೆ ಬಂದರು. ಅವಳು ಮಾಡಿದ ಪುಟ್ಟ ಪುಸ್ತಕದ ಗೂಡು ಈಗಲೂ ದೊಡ್ಡಮ್ಮನ ಮನೆಯಲ್ಲಿದೆ, ಕೀಲುಗಳು ಅಲುಗಾಡಿಲ್ಲ. ಕಂಪ್ಯೂಟರು ಕಂಡಿದ್ದೂ ಅಲ್ಲೇ, ಆಪಲ್ ಟೂ ಅಂತ, ಬೇಸಿಕ್ ಭಾಷೆಯಲ್ಲಿ ನಾಲ್ಕು ಸಾಲು ಬರೆದು ಪರದೆಯ ತುಂಬ ತನ್ನ ಹೆಸರು ಬರಿಸಿದ್ದನ್ನು ಒಂದು ಪುಟ ಬರೆದಿದ್ದಾಳೆ. ನನಗೆ ಒಂದಕ್ಷರ ತಿಳಿಯದಿದ್ದರೂ ಅವಳ ಖುಷಿ ತಿಳಿದಿತ್ತು.

ಹಳದಿ ಬಸ್ಸು ಮನೆಯ ಹತ್ತಿರಕ್ಕೇ ಬರುತ್ತಿತ್ತು. ಅದು ನಿಂತು ಕೆಂಪು ದೀಪ ಹಾಕಿದರೆ ಹಿಂದಿನ ಗಾಡಿಗಳು ನಿಲ್ಲಬೇಕು, ಎದುರಿನಿಂದ ಬರುವವೂ ನಿಲ್ಲಬೇಕು, ಮಗು ರಸ್ತೆ ದಾಟುವ ತನಕ. ನಮ್ಮ ಆಲೂರು ಕಡೆಯ ಗೆಳತಿಯರು ಪಾಸ್ ಹಿಡಿದುಕೊಂಡು ಕೆಂಪು ಬಸ್ಸಿಗೆ ಕಾಯುತ್ತಿದ್ದದ್ದು, ತುಂಬಿದ ಬಸ್ಸು ನಿಲ್ಲಿಸದೇ ಹೋದರೆ ಮೊದಲನೇ ಪೀರಿಯಡ್ಡು ತಪ್ಪಿ ಹೊರಗೆ ನಿಲ್ಲುತ್ತಿದ್ದದ್ದು ನೆನಪಾಗುತ್ತದೆ. ಅವರ ತಪ್ಪು ಏನಿತ್ತು ಹೇಳಿ. ಚಳಿಗಾಲದಲ್ಲಿ ಹಿಮ ಜಾಸ್ತಿ ಬಿದ್ದರೆ ಅಲ್ಲಿ ಬೆಳಗಿನ ಜಾವ ರೇಡಿಯೋದಲ್ಲಿ ರಜೆ ಕೊಟ್ಟ ಶಾಲೆಗಳ ಹೆಸರು ಓದುತ್ತಿದ್ದರು, ಅಕ್ಕ ಕಂಬಳಿಯೊಳಗೇ ಕಿವಿಗೊಟ್ಟು ಕಾಯುತ್ತಿದ್ದಳು. ನಮ್ಮ ಸಕಲೇಶಪುರ ಕಡೆಯ ಮಕ್ಕಳಿಗೆ ಆಷಾಢದ ಮಳೆಯಲ್ಲಿ ಇದೇ ಕಾಯುವಿಕೆ.

ಹದಿನಾರಕ್ಕೆ ಕಾರು ಓಡಿಸುವ ಲೈಸೆನ್ಸು. ಅದನ್ನೂ ಶಾಲೆಯಲ್ಲೇ ಕಲಿಸುತ್ತಿದ್ದರು, ಮೇಷ್ಟ್ರ ಕಾಲ ಬಳಿ ಇನ್ನೊಂದು ಬ್ರೇಕು ಇರುವ ಕಾರಿನಲ್ಲಿ. ಶಾಲೆ ಬಿಟ್ಟಮೇಲೆ ಕೆಲಸಕ್ಕೆ ಹೋಗುವುದು ಮಾಮೂಲು, ಒಳ್ಳೆ ಅನುಕೂಲದ ಮನೆಯ ಮಕ್ಕಳೂ ಹೋಗುತ್ತಿದ್ದರು. ಕನಿಷ್ಠ ಕೂಲಿ ಗಂಟೆಗೆ 3 ಡಾಲರ್ 35 ಸೆಂಟ್, 1981ರಿಂದ ಆ ದಶಕ ಮುಗಿಯುವ ತನಕ ಅಷ್ಟೇ ಇತ್ತು. ಅಕ್ಕ ಊರಿನ ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವ ಕೆಲಸಕ್ಕೆ ಸೇರಿದಳು. ಮೊದಲ ಸಂಬಳದಲ್ಲಿ ನನಗೆ ಒಂದು ಪೆನ್ನು ಕಳಿಸಿದ್ದಳು. ಅವಳಿಗೆ ಗೆಳತಿಯರು ಸಿಕ್ಕಿದ್ದೂ ಅಲ್ಲಿಂದಲೇ. ಆಮೇಲಿನ ಕಾಗದಗಳ ಧಾಟಿಯೇ ಬೇರೆ. ಪ್ರಾಮ್‌ಗೆ ದೊಡ್ಡಪ್ಪ ಕಳಿಸಲಿಲ್ಲ, ಅವಳು ಆ ಬಗ್ಗೆ ಎರಡು ಸಾಲು ಬರೆದು ಮುಗಿಸಿದ್ದಾಳೆ. ಶುಕ್ರವಾರ ರಾತ್ರಿಯ ಫುಟ್‌ಬಾಲ್ ಮ್ಯಾಚಿಗೆ ಊರಿಗೆ ಊರೇ ಬರುತ್ತಿತ್ತು ಅಂತ ಇದೆ. ಅಷ್ಟೇ.

1986ರ ಜನವರಿ ಕೊನೆಯ ಕಾಗದ ಮಾತ್ರ ಉಳಿದ ಕಾಗದಗಳಂತಿಲ್ಲ. ಅದನ್ನು ಹೇಳಬೇಕಾದರೆ ಹಾಸನದಿಂದ ಶುರುಮಾಡಬೇಕು. ನಮ್ಮ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, ಅಂದರೆ ಉಪಗ್ರಹಗಳನ್ನು ನೆಲದಿಂದಲೇ ನಡೆಸುವ ಕೇಂದ್ರ, 1982ರಲ್ಲಿ ಬಂತು. ಊರವರೆಲ್ಲ ಎಂಸಿಎಫ್ ಅಂತಲೇ ಕರೆಯುವುದು. ಆ ವರ್ಷ ಏಪ್ರಿಲ್‌ನಲ್ಲಿ ಮೇಲೆ ಹೋದ ಇನ್ಸಾಟ್-1ಎ ಉಪಗ್ರಹ ಸೆಪ್ಟೆಂಬರಿಗೆ ಕೈಕೊಟ್ಟಿತು. ಮುಂದಿನದು ಇನ್ಸಾಟ್-1ಬಿ. ಅದನ್ನು ಹೊತ್ತುಕೊಂಡು ಹೋಗಿದ್ದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ, 1983ರ ಆಗಸ್ಟ್ 30ರಂದು, ಅಲ್ಲಿನ ನಡುರಾತ್ರಿ ಕಳೆದ ಮೇಲೆ. ನಮ್ಮ ಬೀದಿಯಲ್ಲಿ ಎಂಸಿಎಫ್‌ನಲ್ಲಿ ಕೆಲಸ ಮಾಡುವ ಒಬ್ಬರು ಬಾಡಿಗೆಗೆ ಇದ್ದರು. ಆ ದಿನಗಳಲ್ಲಿ ಅವರು ಮನೆಗೆ ಬಂದದ್ದೇ ಕಡಿಮೆ. ಉಪಗ್ರಹದ ಸೌರ ಫಲಕ ಸರಿಯಾಗಿ ಬಿಚ್ಚಿಕೊಳ್ಳದೆ ಸೆಪ್ಟೆಂಬರ್ ಮಧ್ಯದ ತನಕ ಎಲ್ಲರಿಗೂ ಆತಂಕ. ಕೊನೆಗೆ ಬಿಚ್ಚಿಕೊಂಡಿತು. ನಮ್ಮ ವಿಜ್ಞಾನದ ಮಿಸ್ಸು ಆ ದಿನ ಪಾಠ ನಿಲ್ಲಿಸಿ ಬೋರ್ಡಿನ ಮೇಲೆ ಚಾಲೆಂಜರ್ ಚಿತ್ರ ಬರೆದು, ಇದು ಒಯ್ದದ್ದನ್ನು ಈಗ ನಮ್ಮೂರಿನಿಂದ ನಡೆಸುತ್ತಿದ್ದಾರೆ ಅಂತ ಹೇಳಿದ್ದರು. ನಾನು ಅದನ್ನು ಅಕ್ಕನಿಗೆ ಬರೆದೆ. ಅವಳು ತನ್ನ ಕ್ಲಾಸಿನಲ್ಲಿ ಎದ್ದುನಿಂತು ಹಾಸನ ಅಂತ ಒಂದು ಊರಿದೆ ಅಂತ ಹೇಳಿದಳಂತೆ. ಅಲ್ಲಿಗೆ ಹೋದ ಮೇಲೆ ಅವಳು ಇಡೀ ಕ್ಲಾಸಿನ ಎದುರು ಮಾತಾಡಿದ್ದು ಅದೇ ಮೊದಲು.

1986ರ ಜನವರಿ 28ಕ್ಕೆ ಅದೇ ಚಾಲೆಂಜರ್ ಮತ್ತೆ ಹೊರಟಿತು. ಈ ಸಲ ಅದರಲ್ಲಿ ಒಬ್ಬ ಹೈಸ್ಕೂಲ್ ಟೀಚರ್ ಇದ್ದರು. ಕ್ರಿಸ್ಟಾ ಮೆಕಾಲಿಫ್, 37 ವರ್ಷ, ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಕಾಂಕರ್ಡ್ ಊರಿನ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದವರು. 11,000ಕ್ಕೂ ಜಾಸ್ತಿ ಟೀಚರುಗಳು ಅರ್ಜಿ ಹಾಕಿದ್ದರು, ಅವರಲ್ಲಿ ಇವರು ಆಯ್ಕೆಯಾಗಿದ್ದು. ಮೇಲಿನಿಂದ ಮಕ್ಕಳಿಗೆ ಪಾಠ ಮಾಡುವವರಿದ್ದರು. ಅದಕ್ಕೇ ದೇಶದ ಎಷ್ಟೋ ಶಾಲೆಗಳಲ್ಲಿ ಕ್ಲಾಸಿಗೆ ಟೀವಿ ತಂದಿಟ್ಟಿದ್ದರು. ಅಕ್ಕನ ಶಾಲೆಯಲ್ಲಿ ಚಕ್ರದ ಗಾಡಿಯ ಮೇಲೆ ಟೀವಿ ಕಟ್ಟಿ ಲೈಬ್ರರಿಗೆ ತಳ್ಳಿಕೊಂಡು ಬಂದರು. ಊಟಕ್ಕೆ ಮುಂಚೆ, ಹನ್ನೊಂದೂವರೆ ದಾಟಿತ್ತು. ಹಾರಿದ 73 ಸೆಕೆಂಡಿಗೆ ಒಡೆದುಹೋಯಿತು. ಏಳು ಜನ. ಮಕ್ಕಳಿಗೆ ಏನಾಯಿತು ಅಂತಲೇ ಗೊತ್ತಾಗಲಿಲ್ಲವಂತೆ, ಹೊಗೆ ಎರಡಾಗಿ ಕವಲೊಡೆದದ್ದನ್ನು ನೋಡಿ ಕೆಲವರು ಚಪ್ಪಾಳೆಯನ್ನೂ ತಟ್ಟಿದರು. ಟೀಚರ್ ಟೀವಿ ಆರಿಸಲು ಹೋದವರು ಹಾಗೇ ನಿಂತುಬಿಟ್ಟರು. ಆ ದಿನ ಉಳಿದ ಪೀರಿಯಡ್ಡುಗಳಲ್ಲಿ ಯಾವ ಮೇಷ್ಟ್ರೂ ಪಾಠ ಮಾಡಲಿಲ್ಲ, ಮಕ್ಕಳ ಜೊತೆ ಸುಮ್ನೆ ಕೂತರು. ಇಲ್ಲಿ ಆಗ ರಾತ್ರಿ ಹತ್ತು ಗಂಟೆ, ನಾವು ಮಲಗಿದ್ದೆವು. ಬೆಳಗ್ಗೆ ರೇಡಿಯೋ ವಾರ್ತೆಯಲ್ಲಿ ಗೊತ್ತಾಯಿತು. ನಮ್ಮ ಬೀದಿಯ ಎಂಸಿಎಫ್‌ನವರು ಗೇಟಿನ ಹತ್ತಿರ ನಿಂತಿದ್ದರು, ಅಪ್ಪ ಹೋಗಿ ಅವರ ಹತ್ತಿರ ಬಹಳ ಹೊತ್ತು ಮಾತಾಡಿದರು. ನಾನು ಆಗ ಮೊದಲ ಪಿಯುಸಿ. ಪಾಠ ಹೇಳಲು ಹೊರಟವರು ಹೋಗಿಬಿಟ್ಟರಲ್ಲ ಅನ್ನುವುದೇ ನನ್ನನ್ನು ಜಾಸ್ತಿ ಕಾಡಿದ್ದು.

ಇನ್ನು ಪರೀಕ್ಷೆಯ ಮಾತು.

ಅಲ್ಲಿ ಇಡೀ ರಾಜ್ಯಕ್ಕೆ ಒಂದು ದೊಡ್ಡ ಪರೀಕ್ಷೆ ಅಂತ ಅಕ್ಕ ಬರೆಯಲೇ ಇಲ್ಲ. ವಾರ ವಾರ ಸಣ್ಣ ಟೆಸ್ಟು, ಹೋಂವರ್ಕಿಗೂ ಮಾರ್ಕ್ಸು, ವರದಿ ಬರೆದದ್ದಕ್ಕೂ ಮಾರ್ಕ್ಸು. ಒಂಬತ್ತು ವಾರಕ್ಕೊಮ್ಮೆ ರಿಪೋರ್ಟ್ ಕಾರ್ಡು, ಎ, ಬಿ, ಸಿ, ಡಿ, ಫೇಲಾದರೆ ಎಫ್. ಕಾಲೇಜಿಗೆ ಹೋಗುವವರು ಎಸ್‌ಎಟಿ ಬರೆಯುತ್ತಿದ್ದರು, ಆಗ ಒಟ್ಟು 1600ಕ್ಕೆ, ಒಂದು ಶನಿವಾರ ಬೆಳಗ್ಗೆ, ಪೆನ್ಸಿಲ್ಲಿನಲ್ಲಿ ಪುಟ್ಟ ಪುಟ್ಟ ಗುಂಡಿ ತುಂಬಿಸುವುದು. ಚೆನ್ನಾಗಿ ಆಗಲಿಲ್ಲವೋ, ಇನ್ನೊಂದು ಶನಿವಾರ ಮತ್ತೆ ಬರೆಯಬಹುದು.

ಹತ್ತನೇ ಕ್ಲಾಸಿನಲ್ಲಿ ಅಕ್ಕ ರೇಖಾಗಣಿತದಲ್ಲಿ ಫೇಲಾದಳು. 1984ರ ಜೂನ್. ಹೆದರಿ ಕಾಗದ ಬರೆದಿದ್ದಾಳೆ, ದೊಡ್ಡಪ್ಪ ಮಾತು ಬಿಟ್ಟಿದ್ದಾರೆ ಅಂತ. ಮುಂದಿನ ಕಾಗದ ಆಗಸ್ಟ್‌ನದು. ರಜೆಯಲ್ಲಿ ಆರು ವಾರ ಅದೇ ಶಾಲೆಯಲ್ಲಿ ಬೆಳಗ್ಗೆ ಹೊತ್ತು ಆ ಒಂದು ವಿಷಯದ ಪಾಠ ನಡೆಯಿತು, ಹನ್ನೆರಡು ಜನ ಮಕ್ಕಳು, ಬಹಳ ತಾಳ್ಮೆಯ ಒಬ್ಬ ಮೇಷ್ಟ್ರು. ಬಿ ಬಂತು. ಸೆಪ್ಟೆಂಬರಿಗೆ ಅವಳು ತನ್ನ ಜೊತೆಯವರ ಜೊತೆಗೇ ಹನ್ನೊಂದನೇ ಕ್ಲಾಸಿನಲ್ಲಿದ್ದಳು. ಅವಳು ಫೇಲಾಗಿದ್ದಳು ಅಂತ ಲೈಬ್ರರಿಯ ಗೆಳತಿಯರಿಗೂ ಗೊತ್ತಿರಲಿಲ್ಲ. ಇತಿಹಾಸದಲ್ಲಿ ಬಂದ ಎ ಹಾಗೇ ಎ, ಟೈಪಿಂಗಿನ ಎ ಹಾಗೇ ಎ. ಒಂದು ವಿಷಯದ ಸೋಲು ಇನ್ನೊಂದನ್ನು ಮುಟ್ಟಲಿಲ್ಲ.

ಮುಂದಿನ ವರ್ಷ, 1985ರಲ್ಲಿ, ನನ್ನ ಎಸ್ಸೆಸ್ಸೆಲ್ಸಿ. ಪ್ರಿಪರೇಟರಿ ಆದಮೇಲೆ ನಾವೆಲ್ಲ ಆಟೋಗ್ರಾಫ್ ಪುಸ್ತಕ ಹಂಚಿಕೊಂಡಿದ್ದೆವು, ಗುಲಾಬಿ, ಹಳದಿ, ಹಸಿರು ಹಾಳೆಗಳದ್ದು. ನನ್ನ ಪಕ್ಕದಲ್ಲಿ ಮೂರು ವರ್ಷ ಕೂತಿದ್ದ ಆಲೂರು ಕಡೆಯ ಗೆಳತಿ ಹಸಿರು ಹಾಳೆಯಲ್ಲಿ "ಕಾಲೇಜಿನಲ್ಲೂ ಪಕ್ಕದಲ್ಲೇ ಕೂರೋಣ" ಅಂತ ಬರೆದಿದ್ದಳು. ಅವಳು ಕನ್ನಡದಲ್ಲಿ ನನಗಿಂತ ಮುಂದೆ. ಪದ್ಯಗಳು ಪೂರಾ ಬಾಯಿಗೆ ಬರುತ್ತಿದ್ದವು, ಸಮಾಜದಲ್ಲಿ ಕ್ಲಾಸಿಗೇ ಜಾಸ್ತಿ ಮಾರ್ಕ್ಸು. ರಿಸಲ್ಟು ಬಂದ ದಿನ ನೋಟಿಸ್ ಬೋರ್ಡಿನ ಮುಂದೆ ತಳ್ಳಾಟ. ಅವಳಿಗೆ ಗಣಿತದಲ್ಲಿ 31. ಪಾಸಿಗೆ ಆಗ 35 ಬೇಕಿತ್ತು.

ನಾಲ್ಕು ಮಾರ್ಕ್ಸು. ಉಳಿದದ್ದೆಲ್ಲ ಪಾಸು, ಆದರೂ ಎಲ್ಲರ ಬಾಯಲ್ಲೂ "ಎಸ್ಸೆಸ್ಸೆಲ್ಸಿ ಫೇಲು". ಅಕ್ಟೋಬರಿಗೆ ಕಟ್ಟಬಹುದಿತ್ತು, ಆ ಒಂದೇ ವಿಷಯ ಬರೆಯಬಹುದಿತ್ತು. ಆದರೆ ಪಾಠ ಹೇಳುವವರು ಯಾರು? ಶಾಲೆಯ ಬಾಗಿಲು ಮುಚ್ಚಿತ್ತು, ಟ್ಯೂಷನ್ ಅಂದರೆ ಮತ್ತೆ ಬಸ್ಸು, ಮತ್ತೆ ಫೀಸು. ಪಾಸಾದರೂ ಕಾಲೇಜಿಗೆ ಸೇರಲು ಮುಂದಿನ ಜೂನ್ ತನಕ ಕಾಯಬೇಕು. ಒಂದು ವರ್ಷ ಹುಡುಗಿಯನ್ನು ಮನೆಯಲ್ಲಿ ಕೂರಿಸಿಕೊಂಡರೆ ಹಳ್ಳಿಯಲ್ಲಿ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ನಮ್ಮಮ್ಮ ಅವರ ಮನೆಗೇ ಹೋಗಿ ಕೇಳಿದರು. ಅವಳಪ್ಪ ಕೆಟ್ಟವರಲ್ಲ, ಮಗಳ ಮೇಲೆ ಪ್ರಾಣ. "ಕಟ್ಸೋದ್ ಬ್ಯಾಡ ಕಣಮ್ಮ, ಅವಳ ಹಣೇಲಿ ಓದು ಬರ್ದಿಲ್ಲ" ಅಂದರು. ಮಾರನೇ ವರ್ಷ ವೈಶಾಖದಲ್ಲಿ ಮದುವೆ ಆಯಿತು. ಅಕ್ಕ ಕಪ್ಪು ಗೌನು, ಚೌಕದ ಟೋಪಿ ಹಾಕಿಕೊಂಡು ಡಿಪ್ಲೊಮಾ ತೆಗೆದುಕೊಳ್ಳುವ ಫೋಟೋ ಬಂದಿದ್ದು ಅದಾದ ಸ್ವಲ್ಪ ದಿನಕ್ಕೆ.

ಹಣೆಯಲ್ಲಿ ಬರೆದಿರಲಿಲ್ಲ ಅನ್ನುವುದನ್ನು ನಾನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಬರೆದವರು ಪರೀಕ್ಷೆಯ ನಿಯಮ ಮಾಡಿದವರು. ಆರು ವಾರ, ಒಬ್ಬ ಮೇಷ್ಟ್ರು, ಒಂದು ಖಾಲಿ ಕೋಣೆ. ಅದು ಬೇಸಿಗೆಯಲ್ಲಿ ಹಾಸನದಲ್ಲೂ ಇತ್ತು, ಬಾಗಿಲು ತೆರೆಯಬೇಕಿತ್ತು ಅಷ್ಟೆ.

ಅಮೆರಿಕದವರಿಗೆ ಆಗ ತಮ್ಮ ಶಾಲೆಗಳ ಬಗ್ಗೆ ಸಮಾಧಾನ ಇತ್ತು ಅಂತಲ್ಲ. 1983ರ ಏಪ್ರಿಲ್‌ನಲ್ಲಿ ಸರ್ಕಾರ ನೇಮಿಸಿದ ಆಯೋಗವೇ ವರದಿ ಕೊಟ್ಟು, ನಮ್ಮ ಶಾಲೆಗಳು ಹಿಂದೆ ಬೀಳುತ್ತಿವೆ, ದೇಶ ಅಪಾಯದಲ್ಲಿದೆ ಅಂತ ಗಾಬರಿ ಎಬ್ಬಿಸಿತ್ತು. ಮಕ್ಕಳು ಸುಲಭದ ವಿಷಯ ಆರಿಸಿಕೊಂಡು ದಿನ ತಳ್ಳುತ್ತಿದ್ದಾರೆ, ನಾಲ್ಕು ವರ್ಷ ಇಂಗ್ಲಿಷು, ಮೂರು ಮೂರು ವರ್ಷ ಗಣಿತ, ವಿಜ್ಞಾನ, ಸಮಾಜ ಎಲ್ಲರೂ ಓದಲೇಬೇಕು, ಅರ್ಧ ವರ್ಷ ಕಂಪ್ಯೂಟರೂ ಬೇಕು ಅಂತ ಹೇಳಿತು. ಅಕ್ಕನೂ ಒಪ್ಪುತ್ತಾಳೆ, ಅವಳ ಜೊತೆಯ ಎಷ್ಟೋ ಮಕ್ಕಳಿಗೆ ಭಿನ್ನರಾಶಿ ಬರುತ್ತಿರಲಿಲ್ಲ, ಹಾಸನದಲ್ಲಿ ಎಂಟನೇ ಕ್ಲಾಸಿನ ತನಕ ಕಲಿತದ್ದೇ ಅವಳಿಗೆ ಮೊದಲ ವರ್ಷ ಸಾಕಾಯಿತು. ನಮ್ಮ ಮೇಷ್ಟ್ರುಗಳು ಚೆನ್ನಾಗಿಯೇ ಕಲಿಸುತ್ತಿದ್ದರು. ಕಲಿತದ್ದನ್ನು ಮೂರು ಗಂಟೆಯಲ್ಲಿ ಅಳೆದು, ನಾಲ್ಕು ಮಾರ್ಕ್ಸಿಗೆ ಮಗುವನ್ನು ಹೊರಗೆ ಹಾಕುವುದನ್ನು ನಾನು ಹೇಳುತ್ತಿರುವುದು.

ನಮ್ಮಲ್ಲೂ ನಿಯಮ ಬದಲಾಯಿತು, ನಿಧಾನಕ್ಕೆ. ಅಕ್ಟೋಬರಿನ ಪರೀಕ್ಷೆ ಜೂನ್‌ಗೆ ಬಂತು, ಪಾಸಾದವರು ಅದೇ ವರ್ಷ ಕಾಲೇಜಿಗೆ ಸೇರುವಂತಾಯಿತು. 2024, 2025ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಇತ್ತು. ಪರೀಕ್ಷೆ ಒಂದು, ಎರಡು, ಮೂರು ಅಂತಲೇ ಕರೆಯುತ್ತಿದ್ದರು, ಯಾವುದರಲ್ಲಿ ಜಾಸ್ತಿ ಬಂತೋ ಅದನ್ನು ಇಟ್ಟುಕೊಳ್ಳಬಹುದಿತ್ತು. ಇದರಿಂದ ಮಕ್ಕಳು ಸೋಮಾರಿಗಳಾಗುತ್ತಾರೆ ಅಂತ ನನ್ನ ವಯಸ್ಸಿನವರೇ ಗೊಣಗುವುದನ್ನು ಕೇಳುತ್ತೇನೆ. ಅವರಿಗೆ ನನ್ನ ಗೆಳತಿಯ ಕಥೆ ಹೇಳುತ್ತೇನೆ.

ಅವಳ ಮೊಮ್ಮಗಳು 2025ರಲ್ಲಿ ಎಸ್ಸೆಸ್ಸೆಲ್ಸಿ ಬರೆದಳು. ಗಣಿತ ಹೋಯಿತು. ಈ ಸಲ ಅಜ್ಜಿ ಹಣೆಬರಹದ ಮಾತಾಡಲು ಯಾರಿಗೂ ಬಿಡಲಿಲ್ಲ, ಹುಡುಗಿಯನ್ನು ಕರೆದುಕೊಂಡು ಮೊದಲ ಬಸ್ಸಿಗೇ ಹಾಸನಕ್ಕೆ ಬಂದು ನಮ್ಮ ಮನೆಯಲ್ಲಿ ಬಿಟ್ಟುಹೋದಳು, "ನಿನ್ನ ಹತ್ರ ಲೆಕ್ಕ ಹೇಳಿಸ್ಕೊಳ್ಳಲಿ" ಅಂತ. ಎರಡನೇ ಪರೀಕ್ಷೆಯಲ್ಲಿ ಪಾಸಾದಳು. ಈಗ ಪಿಯುಸಿಯಲ್ಲಿ ಕಾಮರ್ಸ್ ಓದುತ್ತಿದ್ದಾಳೆ. ಅಕೌಂಟ್ಸಿನ ಲೆಕ್ಕ ಹಿಡಿದುಕೊಂಡು ಭಾನುವಾರ ಬರುತ್ತಾಳೆ. ಅಕ್ಕನ ಜೊತೆ ವೀಡಿಯೋ ಕಾಲ್‌ನಲ್ಲಿ ಮಾತಾಡಿಸಿದೆ. ಅಕ್ಕ ಅವಳನ್ನು ಮೊದಲು ಕೇಳಿದ್ದೇ "ನಿನಗೆ ಏನು ಓದಬೇಕು ಅಂತಿದೆ ಮರಿ?" ಅಂತ. ಹುಡುಗಿ ಸ್ವಲ್ಪವೂ ಯೋಚಿಸಲಿಲ್ಲ. ಬ್ಯಾಂಕ್ ಪರೀಕ್ಷೆ ಬರೆಯಬೇಕು, ಅದಕ್ಕಿಂತ ಮುಂಚೆ ಡಿಗ್ರಿಗೆ ಮೈಸೂರಿಗೆ ಹೋಗಬೇಕು, ಹಾಸ್ಟೆಲ್ಲಿಗೆ ಅಪ್ಪನನ್ನು ಒಪ್ಪಿಸುವುದು ನಿಮ್ಮಿಬ್ಬರ ಕೆಲಸ ಅಂತ ನಮಗೇ ಒಪ್ಪಿಸಿಬಿಟ್ಟಳು. ಮುಂದಿನ ತಿಂಗಳು ಆಲೂರಿಗೆ ಹೋಗುತ್ತಿದ್ದೇನೆ.